ಮಾಯವ್ವನ ಕಲ್ಲಂಗಡಿಗೆ ಕಣ್ಣಿಲ್ಲ

ಜಮಖಂಡಿಯ ಮುಧೋಳ ರಸ್ತೆಯಲ್ಲಿರುವ ಮಂಗಲ ಕಾರ್ಯಾಲಯದ ಹಿಂಬದಿ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ದೊಡ್ಡ ಒಲೆಗಳಿಗೆ ಆಗಷ್ಟೇ ಬೆಂಕಿ ಬಿದ್ದಿದೆ. ಅವುಗಳಿಂದ ತುಸು ದೂರದಲ್ಲಿ, ನಲ್ಲಿಯ ಪಕ್ಕ, ಗೋಣಿತಟ್ಟು ಹಾಸಿಕೊಂಡು ಮಾಯವ್ವ ಕೂತಿದ್ದಾರೆ. ಮೊಣಕಾಲುಗಳ ನಡುವೆ ಒಂದು ಕಲ್ಲಂಗಡಿ. ಅದು ಹೊರಳದಂತೆ ಕೆಳಗೆ ಬಟ್ಟೆಯ ಸಿಂಬೆ ಇದೆ. ಕೈಯಲ್ಲಿರುವ ಚಾಕು ಬೆರಳಿಗಿಂತ ಉದ್ದವಿಲ್ಲ. ಹಸಿರು ಸಿಪ್ಪೆ ಈರುಳ್ಳಿಯ ಪೊರೆಯಷ್ಟು ತೆಳ್ಳಗೆ ಎದ್ದು, ಸುರುಳಿ ಸುತ್ತಿಕೊಂಡು ತಟ್ಟಿನ ಮೇಲೆ ಬೀಳುತ್ತಿದೆ.

ಸಿಪ್ಪೆ ಹೋದಲ್ಲಿ ಬಿಳಿ ಕಾಣುತ್ತದೆ. ಬಿಳಿಯ ಮೇಲೆ ಚಾಕುವಿನ ತುದಿ ಓರೆಯಾಗಿ ಇಳಿದು ಮೇಲೆ ಬರುತ್ತದೆ. ಇಳಿದಲ್ಲೆಲ್ಲ ಕೆಂಪು ಗೆರೆ. ಹೀಗೆ ಹಣ್ಣಿನ ನಡುವಿಗೆ ಸುತ್ತಲೂ ಒಂದು ಸೀರೆಯ ದಡಿ, ಅದರ ಅಂಚಿನ ವಿನ್ಯಾಸ, ಮೂಡುತ್ತಿದೆ. ಮದುಮಗಳ ಸೀರೆಯ ದಡಿಯೇ ಅದು. ಹಿಂದಿನ ದಿನ ಸೀರೆಯನ್ನು ತರಿಸಿಕೊಂಡು, ಮಡಿಲಲ್ಲಿ ಹರವಿಕೊಂಡು ನೋಡಿದ್ದಾರೆ. ಈಗ ಸೀರೆ ಎದುರಿಗಿಲ್ಲ.

ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತಿರುವ ತಾರವ್ವ ಕೈ ನಿಲ್ಲಿಸದೆ ಕೇಳುತ್ತಾರೆ, "ಯಕ್ಕಾ, ಇವತ್ತ ಯಾರ ಮಾರಿ ತಗ್ಯಾಕತ್ತಿ? ಮದುಮಗಂದೋ, ನಿಮ್ಮ ಬೀರಪ್ಪಂದೋ?"

"ನಿಂದ ತಗೀತೇನಿ ತಡಿ. ಬದನಿಕಾಯಾಗ ಛಲೋ ಬರ್ತೈತಿ."

ಸುತ್ತ ಕೂತ ಹೆಂಗಸರು ನಗುತ್ತಾರೆ. ಮಾಯವ್ವನೂ ನಗುತ್ತಾರೆ. ಆದರೆ ತಾರವ್ವ ಮುಖದ ಮಾತು ತೆಗೆದದ್ದು ಬರಿ ಚೇಷ್ಟೆಯಲ್ಲ ಎಂಬುದು ಅಲ್ಲಿರುವ ಎಲ್ಲರಿಗೂ ಗೊತ್ತು.

ಇಂದಿನ ಮದುವೆ ಬೀರಪ್ಪನ, ಅಂದರೆ ಕುರಿ ಕಾಯುವವರ ದೇವರು ಬೀರೇಶ್ವರನ, ಪೂಜಾರಿ ಅಮಸಿದ್ದಪ್ಪನವರ ಮೊಮ್ಮಗಳದ್ದು. ಮಾಯವ್ವನೂ ಅದೇ ಮಂದಿಗೆ ಸೇರಿದವರು. ಕುರಿ ಕಾಯ್ದು, ಹೊಲ ಮಾಡಿ ಬಾಳಿದ ಮನೆತನ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿನಲ್ಲಿ ಊಟದ ಮನೆಯ ಮುಂದೆ ಕೆತ್ತಿದ ಹಣ್ಣಿನ ಮೇಜು ಕಂಡರೆ ಅದು ಬಹುಪಾಲು ಇವರ ಕೈಕೆಲಸ. ಎಲ್ಲರ ಮದುವೆಗೂ ಹೋಗುವ ಇವರನ್ನು ಸ್ವಂತ ಮಂದಿ ಮಾತ್ರ ಕರೆಯುವುದನ್ನು ಬಿಟ್ಟು ವರ್ಷಗಳಾಗಿವೆ. ಇವರ ಚಾಕು ತಾಗಿದ ಹಣ್ಣನ್ನು ಅವರು ಬಾಯಿಗಿಡುವುದಿಲ್ಲ. ಅಷ್ಟು ಕಾಲದ ಮೇಲೆ ಇಂದು ಕರೆ ಬಂದಿದೆ. ತಿನ್ನುತ್ತಾರೋ ಇಲ್ಲವೋ ಮಧ್ಯಾಹ್ನ ಪಂಕ್ತಿ ಕೂರುವ ಹೊತ್ತಿಗೆ ಗೊತ್ತಾಗುತ್ತದೆ.

ಕೆತ್ತಿದ ಹಣ್ಣನ್ನು ಒದ್ದೆ ಅರಿವೆಯಲ್ಲಿ ಸುತ್ತಿ, ಬರ್ಫದ ನೀರು ತುಂಬಿದ ಪರಾತದಲ್ಲಿ ಇಡುತ್ತಾರೆ. ಗಾಳಿಗೆ ಬಿಟ್ಟರೆ ಎಸಳುಗಳು ಬಾಡುತ್ತವೆ. ಅದೇ ನೀರಿನಲ್ಲಿ ಗಜ್ಜರಿಯ ಹೂಗಳು, ಪಪ್ಪಾಯಿಯ ಕಮಲ ಆಗಲೇ ತೇಲುತ್ತಿವೆ. ನಸುಕಿನಿಂದ ಆ ನೀರಿನಲ್ಲಿ ಅದ್ದಿ ತೆಗೆದ ಬೆರಳುಗಳು ಬೆಳ್ಳಗೆ ಸುಕ್ಕಾಗಿವೆ. ಹೆಬ್ಬೆರಳಿನ ಸಂದಿಯಲ್ಲಿ ಚರ್ಮ ಸೀಳಿದೆ. ಸೇಬು ಕಪ್ಪಾಗದಿರಲಿ ಎಂದು ಲಿಂಬೆರಸ ಹಚ್ಚುವಾಗ ಅದು ಉರಿಯುತ್ತದೆ. ಸೀಜನ್ ಮುಗಿಯುವವರೆಗೆ ಆ ಸೀಳು ಕೂಡುವುದಿಲ್ಲವಂತೆ.

ಯಾರು ಕಲಿಸಿದರು ಎಂದರೆ ಮಾಯವ್ವ ಕುರಿಗಳಿಂದ ಶುರು ಮಾಡುತ್ತಾರೆ.

"ನಮ್ಮಪ್ಪ ಮುದಕಪ್ಪ ಕುರಿ ಗ್ವರಸ ಹೆರೀತಿದ್ದ್ರಿ. ಮಳಿಗಾಲದಾಗ ಕೆಸರಾಗ ನಿಂತು ಗ್ವರಸ ಬೆಳದು ಮಡಚಿಕೊಂಡಿರ್ತಾವು. ಕುರಿ ಕೆಡವಿ, ಕಾಲ ತೊಡಿ ಮ್ಯಾಲ ಇಟಗೊಂಡು ಹೆರೀಬೇಕು. ಮ್ಯಾಲಿನ ಕರೇದು ಹೋದ್ರ ಬಿಳೇದು ಬರ್ತೈತಿ. ಬಿಳೇದರಾಗ ನಸುಗೆಂಪು ಕಂಡ್ತಂದ್ರ ಕೈ ನಿಲ್ಲಬೇಕು. ಇನ್ನೊಂದೀಟು ಒತ್ತಿದಿ ಅಂದ್ರ ರಗತ. ಕುರಿ ಕುಂಟತೈತಿ, ಅಪ್ಪ ಬೈತಾನ. ಕಲ್ಲಂಗಡಿನೂ ಹಂಗ ಐತ್ರಿ. ಇದು ಕುಂಟೂದಿಲ್ಲ, ಅಷ್ಟ."

ಸಾವಳಗಿ ಕಡೆಯ ಆ ಮನೆಯ ಕುರಿಗಳು ಬೇಸಿಗೆಯಲ್ಲಿ ಹೊಳೆಗೆ ಇಳಿಯುತ್ತಿದ್ದವು. ಆಗ ಕೃಷ್ಣೆ ಬೇಸಿಗೆಯಲ್ಲಿ ಬತ್ತುತ್ತಿತ್ತು. ಪಾತ್ರದ ಉಸುಕಿನಲ್ಲಿ ಜನ ಕಲ್ಲಂಗಡಿ ಬಳ್ಳಿ ಹಾಕುತ್ತಿದ್ದರು. ಫಸಲು ಎತ್ತಿದ ಮೇಲೆ ಉಳಿದ ಬಳ್ಳಿ, ಒಡೆದ ಕಾಯಿ ಎಲ್ಲ ಕುರಿಗಳ ಪಾಲು. ಬ್ಯಾರೇಜು ಆದ ಮೇಲೆ ಬೇಸಿಗೆಯಲ್ಲೂ ನೀರು ನಿಲ್ಲತೊಡಗಿತು. ಉಸುಕು ಮುಳುಗಿತು, ಬಳ್ಳಿಯೂ ಹೋಯಿತು. ಈಗ ಕಲ್ಲಂಗಡಿ ಬರುವುದು ಪ್ಲಾಸ್ಟಿಕ್ ಹಾಸಿ, ಹನಿ ನೀರಾವರಿ ಎಳೆದ ಹೊಲಗಳಿಂದ. ಇದನ್ನು ಹೇಳುವಾಗ ಮಾಯವ್ವನ ದನಿಯಲ್ಲಿ ಯಾವ ಕೊರಗೂ ಇಲ್ಲ. "ಮದಲ ಬ್ಯಾಸಿಗ್ಯಾಗ ಅಷ್ಟ ಸಿಗತಿತ್ತು. ಈಗ ಯಾವಾಗ ಕೇಳಿದ್ರೂ ಸಿಗತೈತಿ. ನನಗ ಕೆಲಸ ಹೆಚ್ಚಾತಲ್ರಿ."

ಮದುವೆಯಾಗಿ ಜಮಖಂಡಿಗೆ ಬಂದರು. ಗಂಡ ಮಲಕಾಜಪ್ಪ ಕುರಿ ಬಿಟ್ಟು ಟೆಂಪೋ ಹಿಡಿದಿದ್ದರು. ಅಡುಗೆ ಗುತ್ತಿಗೆದಾರ ಶಿದ್ರಾಮಪ್ಪನವರ ಪಾತ್ರೆ-ಪಡಗಗಳನ್ನು ಮದುವೆ ಮನೆಗಳಿಗೆ ಸಾಗಿಸುವುದು ಅವರ ಕೆಲಸ. ಅದೇ ಟೆಂಪೋದಲ್ಲಿ ಕೂತು ಮಾಯವ್ವ ಕಾಯಿಪಲ್ಯ ಹೆಚ್ಚಲು ಹೋಗತೊಡಗಿದರು. ಒಮ್ಮೆ ಮಿರಜ ಕಡೆಯ ಅಡುಗೆಯವನೊಬ್ಬ ಕೋಸಂಬರಿಯ ಮೇಲೆ ಗಜ್ಜರಿಯ ಹೂ ಮಾಡಿಟ್ಟ. ಮಾಯವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮನೆಗೆ ಬಂದು, ತವರಿನಿಂದ ತಂದಿದ್ದ ಗೊರಸು ಹೆರೆಯುವ ಚೂರಿಯನ್ನು ತೊಳೆದು, ಮೂಲಂಗಿಯ ಮೇಲೆ ಇಟ್ಟರು.

"ಮನ್ಯಾಗ ಬರೇ ಮೂಲಂಗಿ ಪಲ್ಯಾ ಆತು. ಕೆಟ್ಟದ್ದು ಪಲ್ಯಾಕ್ಕ, ಛಲೋ ಬಂದದ್ದೂ ಪಲ್ಯಾಕ್ಕ. ನನ್ನ ಗಂಡ ಉಂಡು ಉಂಡು ಬ್ಯಾಸತ್ತು ಅಂದ, 'ಹೂವು ಕಲತಿ. ಇನ್ನ ಮಟನ್ ಮ್ಯಾಲ ಕಲಿ.'"

ಈಗಿನ ಚಾಕು ಕಮ್ಮಾರನೊಬ್ಬ ಹ್ಯಾಕ್ಸಾ ಬ್ಲೇಡು ತುಂಡರಿಸಿ, ಸಾಣೆ ಹಿಡಿದು ಕೊಟ್ಟಿದ್ದು. ಹಿಡಿಗೆ ಸೈಕಲ್ ಟ್ಯೂಬು ಸುತ್ತಿದೆ. ಕೂಲಿ ಮಾತ್ರ ಹೆಚ್ಚುವವರಿಗೆ ಎಷ್ಟೋ ಅಷ್ಟೇ, ಹಣ್ಣಿನ ಲೆಕ್ಕಕ್ಕೆ ಮೇಲೊಂದಿಷ್ಟು. ಲಗ್ನದ ಸೀಜನ್ ಮುಗಿದರೆ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಡ್ಡಿ ಆರಿಸುವುದು, ಕಬ್ಬಿನಲ್ಲಿ ಕಳೆ ತೆಗೆಯುವುದು. ಇದನ್ನು ಕಲೆ ಎನ್ನುವವರು ಫೋಟೋ ತೆಗೆದುಕೊಳ್ಳುವ ನೆಂಟರು. ಆ ಫೋಟೋಗಳಲ್ಲಿ ಹಣ್ಣಿರುತ್ತದೆ, ಹಣ್ಣಿನ ಪಕ್ಕ ನೆಂಟರಿರುತ್ತಾರೆ. ಮಾಯವ್ವ ಅಷ್ಟು ಹೊತ್ತಿಗೆ ಒಳಗೆ ಸವತಿಕಾಯಿ ಹೆಚ್ಚುತ್ತಿರುತ್ತಾರೆ.

ಶಿದ್ರಾಮಪ್ಪನವರಿಗೆ ಇವರ ಬೆಲೆ ಗೊತ್ತು, ವ್ಯಾಪಾರದ ಲೆಕ್ಕದಲ್ಲಿ. "ಮದಲ ಬೀಗರು ಬಂದು ಸಿಹಿ ಏನ ಮಾಡ್ತೀರಿ ಅಂತಿದ್ರು. ಈಗ ಹಣ್ಣಿನಾಕಿ ಬರ್ತಾಳೇನು ಅಂತಾರ. ಆಕಿ ಇಲ್ಲಂದ್ರ ಬ್ಯಾರೆ ಕಡೆ ಹೋಗತಾರ" ಎನ್ನುತ್ತಾರೆ. ಆಮೇಲೆ, "ನಿಮ್ಮ ಮಂದಿ ಬಿಟ್ಟು" ಎಂದು ಮಾಯವ್ವನ ಕಡೆ ನೋಡುತ್ತಾರೆ.

ಆ ಕತೆ ಹೊಳೆಸಾಲಿನ ಒಂದು ಊರಿನದು. ಆಗ ಮಾಯವ್ವನಿಗೆ ಮುಖ ಕೆತ್ತುವುದು ಹಿಡಿತಕ್ಕೆ ಬಂದಿತ್ತು. ಬೇರೆಯವರ ಮದುವೆಗಳಲ್ಲಿ ಗಣಪತಿಯನ್ನು ಕೆತ್ತಿದ್ದರು, ಹೊಗಳಿಸಿಕೊಂಡಿದ್ದರು. ಹೊಳೆಸಾಲಿನ ಆ ಮದುವೆ ತಮ್ಮವರದೇ ಆದ್ದರಿಂದ ಇನ್ನೂ ಒಂದು ಕೈ ಮೇಲೆ ಮಾಡಬೇಕೆನಿಸಿತು. ದೊಡ್ಡ ಕಲ್ಲಂಗಡಿಯೊಂದನ್ನು ಆರಿಸಿ ಬೀರೇಶ್ವರನ ಮುಖ ಕೆತ್ತಿದರು. ಹಸಿರು ಸಿಪ್ಪೆಯನ್ನೇ ಉಳಿಸಿ ರುಮಾಲು, ಬಿಳಿಯಲ್ಲಿ ಮುಖ, ಮೀಸೆಯ ಕೆಳಗೆ ಕೆಂಪು ತುಟಿ.

"ಯಾರೂ ಮಾಡಂದಿರಲಿಲ್ರಿ. ನಾನ ಮಾಡಿದೆ. ನಮ್ಮ ಮಂದಿ ಲಗ್ನಕ್ಕ ನಮ್ಮ ದೇವರ ಇರಲಿ ಅಂತ. ಮಾರಿ ಭಾಳ ಛಲೋ ಬಂತು. ಅದ ತಪ್ಪಾತು."

ಕೆಟ್ಟದಾಗಿ ಬಂದಿದ್ದರೆ ನಕ್ಕು ತಿನ್ನುತ್ತಿದ್ದರೇನೋ. ಚೆನ್ನಾಗಿ ಬಂದದ್ದರಿಂದ ಮೊದಲು ಒಬ್ಬ ಮುದುಕಿ ಕೈ ಮುಗಿದಳು. ಇನ್ನೊಬ್ಬಳು ಹಣೆಗೆ ಅರಿಸಿನದ ಭಂಡಾರ ಹಚ್ಚಿದಳು. ಯಾರೋ ಮುಂದೆ ಕಾಯಿ ಒಡೆದರು. ಡೊಳ್ಳಿನವರು ಮದುಮಕ್ಕಳನ್ನು ಬಿಟ್ಟು ಹಣ್ಣಿನ ಮುಂದೆ ನಿಂತು ಬಾರಿಸಿದರು. ದೇವರು ಕೂತ ಮೇಜಿನಿಂದ ದ್ರಾಕ್ಷಿ ಎತ್ತಿಕೊಳ್ಳಲು ಯಾರ ಕೈಯೂ ಮುಂದಾಗಲಿಲ್ಲ. ಬಿಸಿಲು ಏರಿತು. ಬಿಸಿಲಿಗೆ ಹಣ್ಣು ಸಡಿಲಾಗಿ ತುಟಿಯ ಅಂಚಿನಿಂದ ಕೆಂಪು ನೀರು ಇಳಿಯತೊಡಗಿತು. ನೋಡುತ್ತಿದ್ದವರು ಹಿಂದೆ ಸರಿದರು. ಸುದ್ದಿ ಪೂಜಾರಿ ಅಮಸಿದ್ದಪ್ಪನವರಿಗೆ ಮುಟ್ಟಿತು.

"ಈ ಮಾರಿಗೆ ಚೂರಿ ಹಾಕಿದವರು ಯಾರು?" ಎಂದರು ಅವರು.

"ನಾನ, ಮುತ್ಯಾ."

"ಹಾಕಿದಿ. ಇನ್ನ ಇದನ್ನ ಏನ ಮಾಡೂದು ಹೇಳು."

ದೇವರನ್ನು ಹೋಳು ಮಾಡಿ ಹಂಚಲು ಬರುವುದಿಲ್ಲ. ಎಂಜಲೆಲೆಗಳ ಜೊತೆ ತಿಪ್ಪೆಗೆ ಹಾಕಲು ಬರುವುದಿಲ್ಲ. ಗುಡಿಯಲ್ಲಿಟ್ಟರೆ ಎರಡು ದಿನಕ್ಕೆ ನಾರುತ್ತದೆ. ಹೊಳೆಗೆ ಬಿಡುವುದೆಂದಾಯಿತು. ಮೊರದಲ್ಲಿಟ್ಟು, ಡೊಳ್ಳು ಬಾರಿಸುತ್ತ, ಅರ್ಧ ಮದುವೆ ಮನೆಯೇ ಹೊಳೆಯ ದಂಡೆಗೆ ಹೋಯಿತು. ಹರಿಯುವ ನೀರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬ್ಯಾರೇಜಿನ ಹಿನ್ನೀರು ಹರಿಯುವುದಿಲ್ಲ, ಕಲ್ಲಂಗಡಿ ಮುಳುಗುವುದಿಲ್ಲ. ಬಿಟ್ಟ ಹಣ್ಣು ಸ್ವಲ್ಪ ದೂರ ತೇಲಿ, ಗಾಳಿಗೆ ತಿರುಗಿ, ದಂಡೆಗೇ ಬಂದು ನಿಂತಿತು. ಕೋಲಿನಿಂದ ತಳ್ಳಲು ಯಾರಿಗೂ ಧೈರ್ಯವಿಲ್ಲ. ಮಾಯವ್ವ ಸೊಂಟಮಟ ನೀರಿಗಿಳಿದು ಕೈಯಿಂದ ತಳ್ಳಿದರು. ಮತ್ತೆ ಬಂತು.

"ಮಾರಿ ನನ್ನ ಕಡೇನ ಮಾಡಿಕೊಂಡು ಬರಾಕತ್ತಿತ್ರಿ. ನೀರಾಗ ನಿಂತು ನಾ ಏನ ಮಾಡ್ಲಿ? ದಂಡಿ ಮ್ಯಾಲ ಮಂದಿ ಸುಮ್ನ ನಿಂತಿದ್ರು. ಒಬ್ಬರಾದ್ರೂ ಬೈಬೇಕಿಲ್ಲೇನು?"

ಅಷ್ಟರಲ್ಲಿ ನೀರು ಕುಡಿಯಲು ಒಂದು ಕುರಿಹಿಂಡು ಇಳಿಯಿತು. ಮುಂದಿದ್ದ ಕುರಿ ಹಣ್ಣನ್ನು ಮೂಸಿ ಬಾಯಿ ಹಾಕಿತು. ಉಳಿದವು ನುಗ್ಗಿದವು. ಬೀರೇಶ್ವರನ ಹಣ್ಣಿಗೆ ಬಾಯಿ ಹಾಕಿದ್ದು ಬೀರೇಶ್ವರನದೇ ಕುರಿ. ಹೊಡೆದು ಓಡಿಸುವವರು ಯಾರು? ಎಲ್ಲರೂ ನೋಡುತ್ತ ನಿಂತಿದ್ದಂತೆಯೇ ರುಮಾಲು, ಮೀಸೆ, ಸಿಪ್ಪೆ ಯಾವುದೂ ಉಳಿಯಲಿಲ್ಲ. ಅಮಸಿದ್ದಪ್ಪನವರು ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡು, "ಅವನ ಕುರಿ, ಅವನ ನೋಡಿಕೊಂಡ. ನಡೀರಿ ಇನ್ನ" ಎಂದರು.

ದೇವರ ಲೆಕ್ಕ ಅಲ್ಲಿಗೆ ಮುಗಿಯಿತು. ಮಂದಿಯದು ಮುಗಿಯಲಿಲ್ಲ. 'ದೇವರ ಕೊಯ್ದಾಕಿ' ಎಂಬ ಹೆಸರು ಮಾಯವ್ವ ಮನೆ ಮುಟ್ಟುವ ಮೊದಲೇ ಊರು ಮುಟ್ಟಿತ್ತು. ಆ ಮೇಲೆ ತಮ್ಮವರ ಮದುವೆಗೆ ಶಿದ್ರಾಮಪ್ಪನವರ ಅಡುಗೆ ಬೇಕು, ಮಾಯವ್ವ ಬೇಡ ಎಂದಾಯಿತು. ಹಣ್ಣಿನ ಮಾತಷ್ಟೇ ಆಗಿದ್ದರೆ ಅವರು ಸಹಿಸುತ್ತಿದ್ದರು. ಮೈದುನನ ಮನೆಯ ತೊಟ್ಟಿಲ ಕಾರ್ಯದಲ್ಲಿ ಉಳ್ಳಾಗಡ್ಡಿ ಹೆಚ್ಚಲು ಕೂತರು. ಯಾರೋ ಬಂದು ಮುಂದಿನ ಈಳಿಗೆಯನ್ನು ಮೆಲ್ಲಗೆ ಎತ್ತಿಕೊಂಡು, ಹಸನು ಮಾಡಲು ಅಕ್ಕಿಯ ಮೊರ ಇಟ್ಟು ಹೋದರು.

"ಬೈದಿದ್ರ ತಿರುಗಿ ಬೈತಿದ್ದೆ. ಸುಮ್ನ ಈಳಿಗಿ ತಗದ್ರು."

ಆ ಬಗ್ಗೆ ಅವರು ಆಡುವ ಮಾತು ಇಷ್ಟೇ.

ಅಂದಿನಿಂದ ಮಾಯವ್ವ ಕಣ್ಣಿರುವ ಏನನ್ನೂ ಕೆತ್ತುವುದಿಲ್ಲ, ಯಾರ ಮದುವೆಗೂ. ಗಣಪತಿ ಇಲ್ಲ, ಹಂಸ ಇಲ್ಲ, ಮದುಮಕ್ಕಳ ಮುಖ ಇಲ್ಲ. ಇದರಿಂದ ಕೆಲವು ಕೆಲಸ ತಪ್ಪಿವೆ. "ಬೀಳಗ್ಯಾಗ ಒಬ್ಬರು ನವಿಲ ಮಾಡಾಕ ಬೇಕ ಅಂದ್ರು. ನವಿಲಿಗೆ ಮೈತುಂಬ ಕಣ್ಣು. ಎಲ್ಲಿ ಅಂತ ಬಿಡ್ಲಿ?" ಬದಲಿಗೆ ಸೀರೆಗಳ ಕಡೆ ತಿರುಗಿದರು. ರಬಕವಿಯ ನೇಕಾರರ ಮನೆಯ ಮದುವೆಯೊಂದರಲ್ಲಿ ಮೊದಲ ಸಲ ಕಲ್ಲಂಗಡಿಗೆ ದಡಿ ಕೆತ್ತಿದರು. ಅಲ್ಲಿನ ಹಿರಿಯರೊಬ್ಬರು ಕನ್ನಡಕ ಏರಿಸಿ, ಹಣ್ಣನ್ನು ಒಂದು ಸುತ್ತು ತಿರುಗಿಸಿ, "ಇಲ್ಲೊಂದ ಎಳಿ ಹರದೈತಿ ನೋಡವಾ" ಎಂದು ಬೆರಳಿಟ್ಟರು. ಆಮೇಲೆ ಆ ಎಳೆಯ ಸಮೇತ ತಿಂದರು.

ಈಗ ಕರೆ ಬಂದಿರುವುದು ಮದುಮಗಳ ಹಟದಿಂದ. ಅಮಸಿದ್ದಪ್ಪನವರ ಮೊಮ್ಮಗಳು ಪ್ರತಿಮಾ ಮುಧೋಳದಲ್ಲಿ ನರ್ಸ್. ಜೊತೆಗೆ ಕೆಲಸ ಮಾಡುವವರ ಮದುವೆಯಲ್ಲಿ ಮಾಯವ್ವನ ಮೇಜು ನೋಡಿದ್ದಾಳೆ. ಅರಿಸಿನದ ಕೈಯಲ್ಲೇ ಹಿಂಬಾಗಿಲಿಗೆ ಬಂದು ಹೇಳುತ್ತಾಳೆ, "ನಾನು ದಿನಾ ಮಂದಿಗೆ ಸೂಜಿ ಚುಚ್ಚತೇನಿ. ನನ್ನ ಕೈಯಾನ ಚಹಾ ಒಲ್ಲೆ ಅಂತಾರೇನು? ಮಾಯವ್ವತ್ತಿ ಬರಲಿಲ್ಲಂದ್ರ ಹಣ್ಣಿನ ಟೇಬಲ್ಲ ಬ್ಯಾಡ ಅಂದೆ." ಅಜ್ಜ ಏನೆಂದರು ಎಂದು ಕೇಳಿದರೆ ದನಿ ತಗ್ಗುತ್ತದೆ. "ಬರಲಿ ಅಂದ್ರು. ತಿನ್ನೂದು ಬಿಡೂದು ಮಂದಿಗೆ ಬಿಟ್ಟದ್ದು ಅಂದ್ರು."

ಮಾಯವ್ವ ಒಪ್ಪಿದ್ದು ಅಷ್ಟರ ಮೇಲೆಯೇ.

ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದು ಜನ ಊಟದ ಮನೆಯತ್ತ ಬರುತ್ತಾರೆ. ಬಾಗಿಲ ಬಳಿಯೇ ಮೇಜು. ನಡುವೆ ದಡಿಯ ಕಲ್ಲಂಗಡಿ, ಎಡಬಲಕ್ಕೆ ಹೂವಾದ ಇನ್ನೆರಡು, ಸುತ್ತ ಪಪ್ಪಾಯಿಯ ಕಮಲ, ಸೇಬಿನ ಎಲೆ, ದ್ರಾಕ್ಷಿಯ ಗೊಂಚಲು. ಫೋನುಗಳು ಮೇಲೇಳುತ್ತವೆ. ಹುಡುಗಿಯರು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಪಕ್ಕದಲ್ಲಿ ಜೋಡಿಸಿಟ್ಟ ತಟ್ಟೆಗಳು ಜೋಡಿಸಿದ ಹಾಗೆಯೇ ಇವೆ. ಹೆಣ್ಣಿನ ಕಡೆಯ ಹಿರಿಯರು ಮೇಜಿನಿಂದ ತುಸು ದೂರ ಸರಿದೇ ಒಳಗೆ ಹೋಗುತ್ತಾರೆ. ಬೀಳಗಿ ಕಡೆಯಿಂದ ಬಂದ ಗಂಡಿನವರಿಗೆ ಹಳೆಯ ಕತೆ ಗೊತ್ತಿಲ್ಲ. ಇವರು ಮುಟ್ಟುತ್ತಿಲ್ಲವೆಂದು ಅವರೂ ಮುಟ್ಟುವುದಿಲ್ಲ.

ಇಷ್ಟು ಹೊತ್ತಿಗೆ ಒಳಗಿರಬೇಕಾದ ಮಾಯವ್ವ ಇಂದು ಬಾಗಿಲ ಬಳಿಯೇ ನಿಂತಿದ್ದಾರೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ, ಒಣಗಿದ ಮೇಲೂ ಒರೆಸಿಕೊಳ್ಳುತ್ತಾರೆ. ಒಬ್ಬ ಮುದುಕಿ ನಿಂತು, "ಛಂದ ಮಾಡಿ ಬಿಡವಾ" ಎಂದು ಬರಿಗೈಯಲ್ಲಿ ಮುಂದೆ ಹೋಗುತ್ತಾಳೆ. ಶಿದ್ರಾಮಪ್ಪ ಹತ್ತಿರ ಬಂದು, "ನೀ ಒಳಗ ನಡಿ. ನಾ ಬ್ಯಾರೆ ಹಣ್ಣ ಕೊಯ್ಸಿ ಇಡತೇನಿ" ಎಂದು ಪಿಸುಗುಡುತ್ತಾರೆ.

"ಇರ್ಲಿ ಬಿಡ್ರಿ ಅಣ್ಣಾರ. ತಿನ್ನದಿದ್ರ ತಿನ್ನದಿದ್ದದ್ದು ನೋಡೇ ಹೋಗತೇನಿ."

ಅಮಸಿದ್ದಪ್ಪನವರು ಬಂದಾಗ ಮೊದಲ ಪಂಕ್ತಿಗೆ ಎಲೆ ಹಾಕಿ ಆಗಿದೆ. ಹಣೆಯಲ್ಲಿ ಭಂಡಾರ, ಹೆಗಲ ಮೇಲೆ ಕಂಬಳಿ, ವಯಸ್ಸಾದ ನಿಧಾನ. ಅವರು ಮೇಜಿನ ಮುಂದೆ ನಿಂತದ್ದು ಕಂಡು ಹಿಂದಿದ್ದವರೂ ನಿಲ್ಲುತ್ತಾರೆ. ನಡುವಿನ ಕಲ್ಲಂಗಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒಂದು ಸುತ್ತು ತಿರುಗಿಸುತ್ತಾರೆ. ಪಕ್ಕದ ಹೂಗಳನ್ನೂ ಬಗ್ಗಿ ನೋಡುತ್ತಾರೆ.

"ಎಲ್ಲೂ ಮಾರಿ ಇಲ್ಲಲ್ಲ?"

"ಇಲ್ಲ ಮುತ್ಯಾ. ಕಣ್ಣಿದ್ದದ್ದು ಏನೂ ಮಾಡಿಲ್ಲ."

"ಇದೇನಿದು, ಸುತ್ತ?"

"ಪ್ರತಿಮಾನ ಸೀರಿ ದಡಿ."

ಮುದುಕ ಮೊಮ್ಮಗಳು ಕೂತ ವೇದಿಕೆಯತ್ತ ಒಮ್ಮೆ, ಹಣ್ಣಿನತ್ತ ಒಮ್ಮೆ ನೋಡುತ್ತಾರೆ. "ಹಂಗಾರ ಕೊಯ್ಯಿ."

ಮಾಯವ್ವ ದೊಡ್ಡ ಚಾಕು ಎತ್ತಿಕೊಳ್ಳುತ್ತಾರೆ. "ಅಯ್ಯ, ತಡೀರಿ, ಇನ್ನೊಂದ ಫೋಟೋ" ಎಂದು ಒಬ್ಬ ಹುಡುಗಿ ಕೂಗುತ್ತಾಳೆ. ಅಷ್ಟರಲ್ಲಿ ಚಾಕು ದಡಿಯ ನಟ್ಟನಡುವೆ ಇಳಿದಿದೆ. ನಸುಕಿನಿಂದ ಮಾಡಿದ ಕೆಲಸ ಎರಡು ಹೋಳಾಗಿ ಬೀಳುತ್ತದೆ. ಮಾಯವ್ವ ಒಂದು ತುಂಡನ್ನು ತಟ್ಟೆಗೆ ಹಾಕದೆ, ಅಂಗೈಯಲ್ಲೇ ಇಟ್ಟು ಮುಂದೆ ಹಿಡಿಯುತ್ತಾರೆ.

ಅಮಸಿದ್ದಪ್ಪನವರು ಅದನ್ನು ತೆಗೆದುಕೊಂಡು ಕಚ್ಚುತ್ತಾರೆ. ಹಲ್ಲು ಕಡಿಮೆ, ಅಗಿಯುವುದು ತಡವಾಗುತ್ತದೆ. ಬೀಜಗಳನ್ನು ಅಂಗೈಗೆ ಉಗುಳಿಕೊಳ್ಳುತ್ತಾರೆ. ಮುಖ ಕಿವುಚುತ್ತಾರೆ.

"ಸಪ್ಪ ಐತಲ್ಲ ಬೇ ಇದು!"

ಹಿಂದಿನಿಂದ ಯಾರೋ ಕಿಸಕ್ಕನೆ ನಗುತ್ತಾರೆ. ಮಾಯವ್ವನ ಉತ್ತರ ತಡವರಿಸುತ್ತದೆ. "ಪೂರಾ ಹಣ್ಣಾಗಿದ್ದು ಕೆತ್ತಾಕ ಬರೂದಿಲ್ಲ ಮುತ್ಯಾ. ಚೂರಿ ಇಟ್ರ ಒಡೀತೈತಿ. ಅದಕ್ಕ ಗಟ್ಟಿ ಇದ್ದದ್ದು ತರ್ತೇನಿ."

"ಹಂಗಂತ ಬೀಗರಿಗೆ ಸಪ್ಪಂದು ತಿನಸೂದೇನು? ಇನ್ನೊಂದ ಹೋಳ ಕೊಡು. ಉಪ್ಪು ಹಚ್ಚು."

ಉಪ್ಪು ಹಚ್ಚಿದ ಎರಡನೆಯ ಹೋಳು ಅವರ ಬಾಯಿ ಸೇರುವ ಮೊದಲೇ ಹಿಂದಿನ ಕೈಗಳು ಮುಂದೆ ಬಂದಿವೆ. ಬೀಗರು ಬರುತ್ತಾರೆ, ಹುಡುಗಿಯರು ಬರುತ್ತಾರೆ, ಸರಿದು ಹೋಗಿದ್ದ ಮುದುಕಿಯೂ ತಿರುಗಿ ಬಂದು ಕಮಲದ ಎಸಳು ಕೀಳುತ್ತಾಳೆ. ತಟ್ಟೆಗಳು ಸಾಲುವುದಿಲ್ಲ. ಮಾಯವ್ವ ಹೂಗಳೆರಡನ್ನೂ ಕೊಯ್ಯುತ್ತಾರೆ. ಕೊಯ್ಯುವಾಗ ತಮ್ಮ ಕೆತ್ತನೆಯನ್ನು ಒಮ್ಮೆಯೂ ನೋಡುವುದಿಲ್ಲ, ಎದುರಿಗಿರುವ ಬಾಯಿಗಳನ್ನು ನೋಡುತ್ತಾರೆ. ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಮೇಜಿನ ಮೇಲೆ ಉಳಿದಿರುವುದು ಒದ್ದೆ ಅರಿವೆ, ದ್ರಾಕ್ಷಿಯ ಕಡ್ಡಿ, ನಾಲ್ಕಾರು ಬೀಜ.

ಹಿಂಬದಿಯಲ್ಲಿ ಹೆಂಗಸರು ಪಾತ್ರೆ ತಿಕ್ಕಲು ಕೂತಿದ್ದಾರೆ. ಸಿಪ್ಪೆ ತುಂಬಿದ ಬುಟ್ಟಿಯನ್ನು ಎಳೆದುಕೊಂಡು ಬರುವ ಮಾಯವ್ವನನ್ನು ಕಂಡು ತಾರವ್ವ ಸುಮ್ಮನಿರುವುದಿಲ್ಲ. "ಏನ ಯಕ್ಕಾ, ಇಷ್ಟ ಮಂದ್ಯಾಗ ನಿಮ್ಮ ಮುತ್ಯಾ ನಿನ್ನ ಹಣ್ಣ ಸಪ್ಪ ಅಂದ್ನಂತಲ್ಲ? ಹೋತಲ್ಲ ಮರ್ಯಾದಿ!"

ಮಾಯವ್ವ ಬುಟ್ಟಿ ಇಳಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು, ಚಾಕು ತೊಳೆಯಲು ನಲ್ಲಿ ತಿರುಗಿಸುತ್ತಾರೆ.

"ಅನ್ನಲಿ ತಗೋ. ತಿಂದ ಮ್ಯಾಲ ಅಂದಾನ."